ರಿಫ್ಲೆಕ್ಟೆನ್ಸ್ 135 ಬಂದರೆ ಯಂತ್ರ ಕೆಟ್ಟಿದೆಯಾ? ನಿಯಾನ್ ಶೇಡ್‌ ಮತ್ತು ಕಂಪ್ಯೂಟರ್ ರೆಸಿಪಿ

ಪ್ರಶ್ನೆ: ನಾನು ಡೈಯಿಂಗ್ ಘಟಕದ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಪಾಲಿಯೆಸ್ಟರ್ ನಿಟ್ ಬಟ್ಟೆಯೇ ಜಾಸ್ತಿ. ಸಾಮಾನ್ಯ ಶೇಡ್‌ಗಳಿಗೆ ಕಂಪ್ಯೂಟರ್ ಕಲರ್ ಮ್ಯಾಚಿಂಗ್ ಕೊಡುವ ರೆಸಿಪಿ (ಯಾವ ಡೈ ಎಷ್ಟು ಅನ್ನುವ ಪಟ್ಟಿ) ಒಂದೆರಡು ಲ್ಯಾಬ್ ಡಿಪ್‌ನಲ್ಲೇ, ಅಂದರೆ ಚಿಕ್ಕ ತುಂಡಿಗೆ ಬಣ್ಣ ಹಾಕಿ ನೋಡುವುದರಲ್ಲೇ, ಕೂರುತ್ತದೆ. ನಿಯಾನ್ ಹಳದಿ, ಹಸಿರು, ಕಿತ್ತಳೆ ಬಂದರೆ ಮಾತ್ರ ಏಳೆಂಟು ಡಿಪ್ ಆದರೂ ದಾರಿ ಸಿಗುವುದಿಲ್ಲ. ಗ್ರಾಫ್‌ನಲ್ಲಿ ರಿಫ್ಲೆಕ್ಟೆನ್ಸ್ (ಬಿದ್ದ ಬೆಳಕಿನಲ್ಲಿ ಶೇಕಡಾ ಎಷ್ಟು ವಾಪಸ್ ಬಂತು ಅನ್ನುವ ಅಂಕಿ) 135 ಅಂತ ತೋರಿಸುತ್ತದೆ. ಯಂತ್ರ ಕೆಟ್ಟಿದೆಯಾ? ಯುವಿ ಫಿಲ್ಟರ್ ಹಾಕಿ ಅಳೆದರೆ ಸರಿಹೋಗುತ್ತದಾ? ನಮ್ಮಲ್ಲಿ ಪಾಸ್ ಆದ ಸ್ಯಾಂಪಲ್ ಗ್ರಾಹಕರ ಯಂತ್ರದಲ್ಲಿ ಫೇಲ್ ಆಗುವುದು ಯಾಕೆ? ಇದಕ್ಕೆಂದೇ ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಾ? ಸುರಕ್ಷತಾ ಜಾಕೆಟ್ ಬಟ್ಟೆಗೂ ಇದೇ ಅಳತೆ ಸಾಕಾ?

ಉತ್ತರ: ಯಂತ್ರ ಕೆಟ್ಟಿಲ್ಲ. 135 ನಿಜವಾದ ಅಳತೆ. ತೊಂದರೆ ಇರುವುದು ಆ ಅಳತೆಯನ್ನು ಹಿಡಿದುಕೊಂಡು ಸಾಫ್ಟ್‌ವೇರ್ ಮಾಡುವ ಲೆಕ್ಕದಲ್ಲಿ. ಅಳೆಯುವುದು ಬೇರೆ, ರೆಸಿಪಿ ಊಹಿಸುವುದು ಬೇರೆ. ನಾವು ಎರಡನ್ನೂ ಒಂದೇ ಪರದೆಯಲ್ಲಿ ನೋಡುತ್ತೇವೆ, ಹಾಗಾಗಿ ಒಂದೇ ಅಂದುಕೊಂಡುಬಿಡುತ್ತೇವೆ.

ಮೊದಲು 135 ಎಲ್ಲಿಂದ ಬಂತು ಅಂತ ನೋಡೋಣ. ಸಾಮಾನ್ಯ ಡೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಿಷ್ಟನ್ನು ನುಂಗುತ್ತದೆ, ನುಂಗಿದ್ದು ಶಾಖವಾಗಿ ಹೋಗುತ್ತದೆ, ಉಳಿದದ್ದು ವಾಪಸ್ ಬರುತ್ತದೆ. ನಿಯಾನ್ ಶೇಡ್‌ಗೆ ಹಾಕುವ ಫ್ಲೋರೊಸೆಂಟ್ ಡೈ ಹಾಗಲ್ಲ. ನುಂಗಿದ ಬೆಳಕಿನಲ್ಲಿ ದೊಡ್ಡ ಪಾಲನ್ನು ಬೇರೆ ಬಣ್ಣದ ಬೆಳಕಾಗಿ ಉಗುಳುತ್ತದೆ. ಡಿಸ್ಪರ್ಸ್ ಯೆಲ್ಲೋ 82 ತರಹದ ಕೂಮರಿನ್ ಹಳದಿಯನ್ನೇ ತೆಗೆದುಕೊಳ್ಳಿ. ಅದು ಸುಮಾರು 430ರಿಂದ 460 ನ್ಯಾನೋಮೀಟರ್‌ನ ನೀಲಿ ಬೆಳಕನ್ನು ನುಂಗಿ, 500ರಿಂದ 530ರ ಆಸುಪಾಸಿನಲ್ಲಿ ಹಸಿರು ಮಿಶ್ರಿತ ಹಳದಿ ಬೆಳಕು ಕೊಡುತ್ತದೆ. ನೂರರ ನೋಟು ಕೊಟ್ಟರೆ ಎಂಬತ್ತು ರೂಪಾಯಿ ಚಿಲ್ಲರೆ ವಾಪಸ್ ಕೊಟ್ಟ ಹಾಗೆ. ಬರುವುದು ಯಾವಾಗಲೂ ಕಡಿಮೆ ಶಕ್ತಿಯ, ಅಂದರೆ ಉದ್ದ ತರಂಗದ ಬೆಳಕು. ಸ್ಟೋಕ್ಸ್ 1852ರಲ್ಲೇ ಇದನ್ನು ಬರೆದಿಟ್ಟರು. ಫ್ಲೋರೊಸೆನ್ಸ್ ಅನ್ನುವ ಹೆಸರು ಕೊಟ್ಟವರೂ ಅವರೇ. ನಮ್ಮ ಪಠ್ಯಪುಸ್ತಕದಲ್ಲಿ ಪ್ರತಿದೀಪ್ತಿ, ಅಂಗಡಿಯಲ್ಲಿ ರೇಡಿಯಂ ಕಲರ್. ರೇಡಿಯಂಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಆ ಮಾತು ಹೇಗೋ ಅಂಟಿಕೊಂಡಿದೆ.

ನಿಮ್ಮ ಅಳೆಯುವ ಯಂತ್ರ, ಅಂದರೆ ಸ್ಪೆಕ್ಟ್ರೋಫೋಟೋಮೀಟರ್, 520 ನ್ಯಾನೋಮೀಟರ್‌ನಲ್ಲಿ ನೋಡುವಾಗ ಅದಕ್ಕೆ ಎರಡು ಬೆಳಕು ಸಿಗುತ್ತವೆ. ದೀಪದಿಂದ ಬಿದ್ದ 520ರ ಬೆಳಕು ತಿರುಗಿ ಬಂದದ್ದು ಒಂದು. ನೀಲಿಯನ್ನು ನುಂಗಿ ಡೈ ಉಗುಳಿದ 520ರ ಬೆಳಕು ಇನ್ನೊಂದು. ಬಂದದ್ದು ಎಷ್ಟು ಅಂತ ಮಾತ್ರ ಯಂತ್ರಕ್ಕೆ ಗೊತ್ತು. ಯಾವ ದಾರಿಯಿಂದ ಬಂತು ಅಂತ ಗೊತ್ತಿಲ್ಲ. ಎರಡೂ ಕೂಡಿ ಬಿದ್ದದ್ದಕ್ಕಿಂತ ಜಾಸ್ತಿ ಆದರೆ 135 ಬರುತ್ತದೆ. ಕಣ್ಣಿಗೂ ಅಷ್ಟೇ ಬೆಳಕು ಬರುವುದರಿಂದಲೇ ಆ ಬಟ್ಟೆ ಉರಿಯುವ ಹಾಗೆ ಕಾಣುವುದು.

ಈಗ ಲೆಕ್ಕಕ್ಕೆ ಬರೋಣ. ಕಲರ್ ಮ್ಯಾಚಿಂಗ್ ಸಾಫ್ಟ್‌ವೇರ್‌ಗಳ ಹೊಟ್ಟೆಯಲ್ಲಿ ಕುಬೆಲ್ಕಾ ಮತ್ತು ಮುಂಕ್ 1931ರಲ್ಲಿ ಬಣ್ಣದ ಲೇಪಗಳಿಗೆ ಅಂತ ಮಾಡಿದ ಸೂತ್ರ ಕೂತಿದೆ. ಲ್ಯಾಬ್‌ನಲ್ಲಿ ಎಲ್ಲರೂ ಕೆ/ಎಸ್ ಅಂತ ಕರೆಯುವುದು ಅದನ್ನೇ. ಒಂದರಿಂದ ರಿಫ್ಲೆಕ್ಟೆನ್ಸ್ ಕಳೆಯಿರಿ, ಬಂದದ್ದನ್ನು ವರ್ಗ ಮಾಡಿ, ರಿಫ್ಲೆಕ್ಟೆನ್ಸ್‌ನ ಎರಡರಷ್ಟರಿಂದ ಭಾಗಿಸಿ. ಕೆ/ಎಸ್ ಜಾಸ್ತಿ ಇದ್ದಷ್ಟೂ ಬಟ್ಟೆ ಬೆಳಕನ್ನು ಜಾಸ್ತಿ ನುಂಗುತ್ತದೆ ಅಂತ ಅರ್ಥ.

ಕಾಗದದ ಮೇಲೆ ಮಾಡಿ ನೋಡಿ. ರಿಫ್ಲೆಕ್ಟೆನ್ಸ್ 80, ಅಂದರೆ 0.80. ಒಂದರಿಂದ ಕಳೆದರೆ 0.20. ವರ್ಗ 0.04. ಅದನ್ನು 1.60ರಿಂದ ಭಾಗಿಸಿದರೆ 0.025. ಈಗ 125 ತೆಗೆದುಕೊಳ್ಳಿ, ಅಂದರೆ 1.25. ಕಳೆದರೆ ಮೈನಸ್ 0.25. ವರ್ಗ ಮಾಡಿದ ತಕ್ಷಣ ಮೈನಸ್ ಮಾಯ, 0.0625. ಅದನ್ನು 2.50ರಿಂದ ಭಾಗಿಸಿ. ಮತ್ತೆ 0.025!

ನೋಡಿದಿರಾ? ಆ ಸೂತ್ರಕ್ಕೆ 125 ಮತ್ತು 80ರ ನಡುವೆ ವ್ಯತ್ಯಾಸವೇ ಗೊತ್ತಿಲ್ಲ. ನೂರರ ಗೆರೆಯಲ್ಲಿ ಕಾಗದ ಮಡಚಿದ ಹಾಗೆ ಮೇಲಿನದೆಲ್ಲ ಕೆಳಗಿನದರ ಮೇಲೆ ಬಂದು ಕೂರುತ್ತದೆ. ನಿಮ್ಮ 135 ಅದರ ಕಣ್ಣಿಗೆ 74. ಬೆಳಕು ಕೊಡುತ್ತಿರುವ ಬಟ್ಟೆಯನ್ನು ಅದು ಬೆಳಕು ನುಂಗುತ್ತಿರುವ ಬಟ್ಟೆ ಅಂತ ಓದಿಕೊಳ್ಳುತ್ತದೆ. ಡೈ ಜಾಸ್ತಿ ಹೊಳೆದಷ್ಟೂ ಜಾಸ್ತಿ ಕೊಳಕು ಅಂದುಕೊಳ್ಳುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ನೂರರ ಮೇಲಿನದನ್ನು ನೂರಕ್ಕೇ ಕತ್ತರಿಸುತ್ತವೆ. ಆಗ ಕೆ/ಎಸ್ ಸೊನ್ನೆ. ಮಡಚುವ ತಪ್ಪು ಹೋಗಿ ಕತ್ತರಿಸುವ ತಪ್ಪು ಬಂತು, ಅಷ್ಟೇ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಆದರೆ ರೆಸಿಪಿ ಲೆಕ್ಕ ಇನ್ನೊಂದು ನಂಬಿಕೆಯ ಮೇಲೂ ನಿಂತಿದೆ: ಮಿಶ್ರಣದ ಕೆ/ಎಸ್ ಅಂದರೆ ಒಂದೊಂದು ಡೈನ ಕೆ/ಎಸ್ ಕೂಡಿಸಿದ ಮೊತ್ತ. ಹಳದಿ ತನ್ನ ಪಾಡಿಗೆ, ನೀಲಿ ತನ್ನ ಪಾಡಿಗೆ. ಸಾಮಾನ್ಯ ಡೈಗಳಲ್ಲಿ ಇದು ಸಾಕಷ್ಟು ಚೆನ್ನಾಗಿ ನಡೆಯುತ್ತದೆ. ಫ್ಲೋರೊಸೆಂಟ್ ಡೈ ಇರುವಲ್ಲಿ ಡೈಗಳು ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುತ್ತವೆ.

ಖರ್ಚು ಕಡಿಮೆ ಮಾಡಲು ಫ್ಲೋರೊಸೆಂಟ್ ಹಳದಿಯ ಜೊತೆ ಸ್ವಲ್ಪ ಸಾಮಾನ್ಯ ಹಳದಿ ಬೆರೆಸುವವರನ್ನು ನೋಡಿದ್ದೇನೆ. ಎರಡೂ ಹಳದಿ ತಾನೇ ಅನ್ನುವ ಲೆಕ್ಕ. ಆದರೆ ಎರಡೂ ನುಂಗುವುದು ಅದೇ ನೀಲಿ ಬೆಳಕನ್ನು. ಸಾಮಾನ್ಯ ಹಳದಿ ನುಂಗಿದ್ದು ಶಾಖವಾಗಿ ಹೋಯಿತು, ಫ್ಲೋರೊಸೆಂಟ್ ಹಳದಿಗೆ ಊಟ ಕಡಿಮೆಯಾಯಿತು. ಹೊಳಪು ಧಡಕ್ಕನೆ ಇಳಿಯುತ್ತದೆ. ನೀಲಿ ಅಥವಾ ಟರ್ಕಾಯ್ಸ್ (ಹಸಿರು ಮಿಶ್ರಿತ ನೀಲಿ) ಸೇರಿಸಿದಾಗ ಆಗುವುದು ಬೇರೆ. ಹಳದಿ ಉಗುಳಿದ ಬೆಳಕಿನಲ್ಲೇ ಒಂದು ಪಾಲನ್ನು, ಅದರಲ್ಲೂ ಉದ್ದ ತರಂಗದ ಕಡೆಯದನ್ನು, ಟರ್ಕಾಯ್ಸ್ ನುಂಗುತ್ತದೆ. ನಿಯಾನ್ ಹಸಿರಿನಲ್ಲಿ ಟರ್ಕಾಯ್ಸ್ ಒಂದು ಚೂರು ಜಾಸ್ತಿಯಾದರೆ ಶೇಡ್ ಸತ್ತ ಹಾಗೆ ಕಾಣುವುದು ಇದಕ್ಕೇ. ಕಿತ್ತಳೆಯಲ್ಲಿ ಮೂರನೇ ಆಟ. ಡಿಸ್ಪರ್ಸ್ ರೆಡ್ 277 ತರಹದ ಫ್ಲೋರೊಸೆಂಟ್ ಕೆಂಪು, ಹಳದಿ ಉಗುಳಿದ ಹಸಿರು ಬೆಳಕನ್ನೇ ನುಂಗಿ ಕಿತ್ತಳೆ ಕೆಂಪಾಗಿ ಉಗುಳುತ್ತದೆ. ಹಳದಿ ದುಡಿದು ಕೆಂಪಿಗೆ ಕೊಡುತ್ತದೆ. ಇಲ್ಲಿ ಮಿಶ್ರಣ ಕೂಡಿಸಿದ ಮೊತ್ತಕ್ಕಿಂತ ಹೊಳೆಯಬಹುದು. ಮೊದಲ ಎರಡು ಕಡೆ ಮೊತ್ತಕ್ಕಿಂತ ಮಂಕು. ಕೂಡಿಸುವ ಲೆಕ್ಕಕ್ಕೆ ಈ ಮೂರರಲ್ಲಿ ಒಂದೂ ಸಿಗುವುದಿಲ್ಲ.

ಒಂದೇ ಡೈ ಇದ್ದರೂ ಗೆರೆ ನೆಟ್ಟಗಿರುವುದಿಲ್ಲ. ಪ್ರಮಾಣ ಏರಿಸುತ್ತ ಹೋದರೆ ಹೊಳಪು ಏರುತ್ತದೆ, ಒಂದು ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಡೈ ಕಣಗಳು ಒತ್ತೊತ್ತಾಗಿ ಕೂತಾಗ ಒಂದು ಉಗುಳಿದ್ದನ್ನು ಪಕ್ಕದ್ದು ನುಂಗುತ್ತದೆ. ಜೊತೆಗೆ ಶೇಡ್ ಕೆಂಪಿನ ಕಡೆಗೆ ವಾಲುತ್ತದೆ, ಯಾಕೆಂದರೆ ಹೀಗೆ ಕಳೆದುಹೋಗುವುದು ಹಸಿರು ಕಡೆಯ ಬೆಳಕೇ ಜಾಸ್ತಿ. ಶೇಡ್ ಸಾಕಷ್ಟು ಹೊಳೆಯುತ್ತಿಲ್ಲ ಅಂತ ಡೈ ಏರಿಸುತ್ತಲೇ ಹೋಗುವವರು ಈ ಗುಡ್ಡದ ಆಚೆ ಇಳಿಜಾರಿನಲ್ಲಿ ಇರುತ್ತಾರೆ. ಅವರಿಗೆ ಬೇಕಿರುವುದು ಕಡಿಮೆ ಡೈ. ನಿಮ್ಮ ಏಳೆಂಟು ಡಿಪ್‌ಗಳಲ್ಲಿ ಎರಡಾದರೂ ಹೀಗೆ ಹೋಗಿರಬಹುದು ಅಂತ ನನ್ನ ಗುಮಾನಿ.

ಇನ್ನೊಂದು ಮಾತು. 135 ಕಂಡಾಗ ನೀವು ಎಚ್ಚೆತ್ತಿರಿ, ಒಳ್ಳೆಯದಾಯಿತು. ಹೆಚ್ಚು ಮೋಸ ಹೋಗುವುದು 100 ದಾಟದ ಫ್ಲೋರೊಸೆಂಟ್ ಶೇಡ್‌ಗಳಲ್ಲಿ. ತೆಳು ಪ್ರಮಾಣದ ಗುಲಾಬಿ ಅಥವಾ ಟರ್ಕಾಯ್ಸ್ ಬೆರೆತ ಹಸಿರಿನಲ್ಲಿ ತುದಿ 78ಕ್ಕೇ ನಿಂತಿರಬಹುದು. ಅದರಲ್ಲಿ 20 ಉಗುಳಿದ ಬೆಳಕೇ ಇರಬಹುದು. ಗ್ರಾಫ್ ಸಾಧುವಾಗಿ ಕಾಣುತ್ತದೆ, ಸಾಫ್ಟ್‌ವೇರ್ ಧೈರ್ಯವಾಗಿ ರೆಸಿಪಿ ಕೊಡುತ್ತದೆ, ಡಿಪ್ ಬೇರೆಯೇ ಬರುತ್ತದೆ. ಹಾಗಾಗಿ ಬರುವ ಪ್ರತಿ ಹೊಳಪಿನ ಸ್ಯಾಂಪಲ್ಲನ್ನೂ ಮೊದಲು ಕತ್ತಲೆಯಲ್ಲಿ ಯುವಿ ಟಾರ್ಚ್ ಹಿಡಿದು ನೋಡಿ. ಐದು ಸೆಕೆಂಡಿನ ಕೆಲಸ. ಸ್ಯಾಂಪಲ್ ಹೊಳೆದು ನಿಮ್ಮ ಡೈಗಳು ಹೊಳೆಯದಿದ್ದರೆ ಆ ಶೇಡ್ ನಿಮ್ಮ ಡೈಗಳಿಂದ ಬರುವುದೇ ಇಲ್ಲ. ಯಾವ ರೆಸಿಪಿಯೂ ಅದನ್ನು ತರಲಾರದು. ಗ್ರಾಹಕರಿಗೆ ಅವತ್ತೇ ಹೇಳಿಬಿಡಿ.

ಯುವಿ ಫಿಲ್ಟರ್ ವಿಷಯ. ಇದು ಬಿಳಿ ಬಟ್ಟೆಯಿಂದ ಬಂದ ಅಭ್ಯಾಸ. ಬಿಳಿಗೆ ಹಾಕುವ ಆಪ್ಟಿಕಲ್ ಬ್ರೈಟ್ನರ್ ಮುಖ್ಯವಾಗಿ 340ರಿಂದ 380ರ ಯುವಿ ನುಂಗಿ 430ರ ಸುತ್ತ ನೀಲಿ ಕೊಡುತ್ತದೆ. ದೀಪದ ಮುಂದೆ 400 ಅಥವಾ 420ರ ಫಿಲ್ಟರ್ ಇಟ್ಟರೆ ಅದಕ್ಕೆ ಊಟವೇ ಇಲ್ಲ, ಹೊಳಪು ಹೋಗುತ್ತದೆ, ಬಟ್ಟೆಯ ಸ್ವಂತ ರಿಫ್ಲೆಕ್ಟೆನ್ಸ್ ಸಿಗುತ್ತದೆ. ನಿಯಾನ್ ಹಳದಿಯ ಊಟ ಕಣ್ಣಿಗೆ ಕಾಣುವ ನೀಲಿ. ಫ್ಲೋರೊಸೆಂಟ್ ಗುಲಾಬಿಯದ್ದು ಹಸಿರು, 500ರಿಂದ 560. ಯುವಿ ತೆಗೆದರೆ ಇವಕ್ಕೆ ಉಪ್ಪಿನಕಾಯಿ ತೆಗೆದ ಹಾಗೆ, ಅನ್ನ ತಟ್ಟೆಯಲ್ಲೇ ಇದೆ. 135 ಇದ್ದದ್ದು ಒಂದಿಷ್ಟು ಇಳಿಯಬಹುದು, ಸಮಸ್ಯೆ ಹಾಗೇ ಉಳಿಯುತ್ತದೆ. ಮೇಲಾಗಿ ಹಾಗೆ ಅಳೆದ ಬಣ್ಣ ಯಾರ ಕಣ್ಣಿಗೂ ಕಾಣದ ಬಣ್ಣ, ಯಾಕೆಂದರೆ ಹಗಲು ಬೆಳಕಿನಲ್ಲಿ ಯುವಿ ಇದ್ದೇ ಇರುತ್ತದೆ. ನಿಯಾನ್ ಶೇಡ್ ಅಳೆಯುವಾಗ ಯುವಿ ಒಳಗೊಂಡ ಸೆಟ್ಟಿಂಗ್ ಇರಲಿ. ಆ ಯುವಿ ಪ್ರಮಾಣವನ್ನು ಯಂತ್ರದ ಜೊತೆ ಬಂದ ಬಿಳಿ ಬಟ್ಟೆಯ ಸ್ಟ್ಯಾಂಡರ್ಡ್ ಇಟ್ಟು ಸರಿಮಾಡಿಕೊಳ್ಳಿ.

ಈಗ ನಿಮ್ಮಲ್ಲಿ ಪಾಸ್, ಅಲ್ಲಿ ಫೇಲ್. ಸಾಮಾನ್ಯ ಬಟ್ಟೆಯ ರಿಫ್ಲೆಕ್ಟೆನ್ಸ್ ಬಟ್ಟೆಯ ಗುಣ. ದೀಪ ಬದಲಾದರೂ ಶೇಕಡಾವಾರು ಹಾಗೇ ಇರುತ್ತದೆ, ಬಿದ್ದದ್ದು ಅರ್ಧವಾದರೆ ಬಂದದ್ದೂ ಅರ್ಧ. ಫ್ಲೋರೊಸೆಂಟ್ ಬಟ್ಟೆಯಲ್ಲಿ ಹಾಗಲ್ಲ. 520ರಲ್ಲಿ ಬರುವ ಬೆಳಕು 450ರಲ್ಲಿ ಎಷ್ಟು ಬಿದ್ದಿತ್ತು ಅನ್ನುವುದರ ಮೇಲೆ ನಿಂತಿದೆ. ದೀಪದಲ್ಲಿ ನೀಲಿ ಜಾಸ್ತಿ ಇದ್ದರೆ 135, ಕಡಿಮೆ ಇದ್ದರೆ 120. ಅಂದರೆ ನಿಮ್ಮ ಗ್ರಾಫ್ ಬಟ್ಟೆಯದ್ದೊಂದೇ ಅಲ್ಲ, ಬಟ್ಟೆ ಮತ್ತು ದೀಪ ಸೇರಿದ ಗ್ರಾಫ್. ಎರಡು ಯಂತ್ರಗಳಲ್ಲೂ ಜೆನಾನ್ ದೀಪವನ್ನು ಡಿ65 ಅನ್ನುವ ಮಾನಕ ಹಗಲು ಬೆಳಕಿಗೆ ಹೊಂದಿಸಿರುತ್ತಾರೆ, ಆದರೆ ಯಾವುದೂ ಕರಾರುವಾಕ್ಕಾಗಿ ಡಿ65 ಆಗಿರುವುದಿಲ್ಲ. ದೀಪ ಹಳೆಯದಾದಂತೆ, ಯಂತ್ರದಲ್ಲಿ ಬೆಳಕು ಹರಡುವ ಟೊಳ್ಳು ಗೋಳದ ಒಳಗಿನ ಬಿಳಿ ಬಳಿತ ಹಳದಿಗಟ್ಟಿದಂತೆ ಮೊದಲು ಕಡಿಮೆಯಾಗುವುದು ಯುವಿ ಮತ್ತು ನೀಲಿಯೇ.

ನನಗೇ ಪಾಠ ಆದದ್ದು ಹೀಗೆ. ನಿಯಾನ್ ಹಸಿರಿನ ದೊಡ್ಡ ಆರ್ಡರ್ ಒಂದು ವಾರ ಚೆನ್ನಾಗಿ ಹೋಗುತ್ತಿತ್ತು. ಸರ್ವೀಸ್‌ನವರು ಬಂದು ಯಂತ್ರದ ದೀಪ ಬದಲಿಸಿ ಹೋದರು. ಮರುದಿನದಿಂದ ಪ್ರತಿ ಬ್ಯಾಚೂ ಫೇಲ್. ಡೈ ಲಾಟ್ ನೋಡಿದೆವು, ನೀರು ನೋಡಿದೆವು, ಪಿಎಚ್ ನೋಡಿದೆವು, ಡೈಯಿಂಗ್ ಮಾಡುವ ಹುಡುಗರ ಮೇಲೆ ರೇಗಿದೆವು. ಎರಡು ದಿನ ಆದ ಮೇಲೆ ಯಾರಿಗೋ ಹೊಳೆಯಿತು: ಸ್ಟ್ಯಾಂಡರ್ಡ್‌ನ, ಅಂದರೆ ಹೋಲಿಸಲು ಇಟ್ಟ ಮಾದರಿ ಬಟ್ಟೆಯ, ಅಂಕಿ ಹಳೆಯ ದೀಪದಲ್ಲಿ ಅಳೆದದ್ದು! ಸ್ಟ್ಯಾಂಡರ್ಡ್ ಬಟ್ಟೆಯನ್ನೇ ಮತ್ತೆ ಅಳೆದೆವು, ಎಲ್ಲ ಬ್ಯಾಚೂ ಪಾಸ್. ಅವತ್ತಿನಿಂದ ನಿಯಾನ್ ಶೇಡ್‌ಗೆ ನಾನು ಸ್ಟ್ಯಾಂಡರ್ಡ್‌ನ ಅಂಕಿಯನ್ನು ಕಂಪ್ಯೂಟರ್‌ನಲ್ಲಿ ಉಳಿಸಿಟ್ಟುಕೊಳ್ಳುವುದಿಲ್ಲ. ಪ್ರತಿ ಸಲ ಬಟ್ಟೆಯನ್ನೇ ಇಟ್ಟು ಅಳೆದು, ಅದರ ಪಕ್ಕದಲ್ಲೇ ಬ್ಯಾಚ್ ಅಳೆಯುತ್ತೇನೆ. ಗ್ರಾಹಕರ ಜೊತೆಗೂ ಇದೇ ಒಪ್ಪಂದ ಮಾಡಿಕೊಳ್ಳಿ. ಮಿಂಚಂಚೆಯಲ್ಲಿ ಬರುವ ಅಂಕಿಯ ಫೈಲ್ ಬೇಡ, ಒಂದೇ ಬಟ್ಟೆಯಿಂದ ಕತ್ತರಿಸಿದ ತುಂಡು ಇಬ್ಬರ ಹತ್ತಿರವೂ ಇರಲಿ, ಇಬ್ಬರೂ ತಮ್ಮ ಯಂತ್ರದಲ್ಲಿ ಅದನ್ನೇ ಅಳೆದು ವ್ಯತ್ಯಾಸ ಮಾತ್ರ ಹೋಲಿಸಲಿ.

ಇದಕ್ಕೆ ಸೇರಿದ ಇನ್ನೊಂದು ಬಲೆ: ಡಿ65ರಲ್ಲಿ ಅಳೆದ ಗ್ರಾಫ್ ಹಿಡಿದು ಸಾಫ್ಟ್‌ವೇರ್ ಬಲ್ಬ್ ಬೆಳಕಿಗೂ, ಅಂಗಡಿಯ ಟ್ಯೂಬ್‌ಲೈಟಿಗೂ ಡೆಲ್ಟಾ ಇ (ಎರಡು ಬಣ್ಣಗಳ ನಡುವಿನ ಅಂತರದ ಅಂಕಿ) ಲೆಕ್ಕ ಹಾಕಿ ಮೆಟಮೆರಿಸಂ, ಅಂದರೆ ಒಂದು ಬೆಳಕಿನಲ್ಲಿ ಹೊಂದಿ ಇನ್ನೊಂದರಲ್ಲಿ ಹೊಂದದಿರುವುದನ್ನು, ತೋರಿಸುತ್ತದೆ. ಫ್ಲೋರೊಸೆಂಟ್ ಸ್ಯಾಂಪಲ್‌ಗೆ ಆ ಅಂಕಿ ನಂಬಬೇಡಿ. ಬಲ್ಬಿನಲ್ಲಿ ನೀಲಿಯೇ ಕಡಿಮೆ, ಹಾಗಾಗಿ ಡೈ ಉಗುಳುವುದೂ ಕಡಿಮೆ, ಗ್ರಾಫೇ ಬೇರೆಯಾಗುತ್ತದೆ. ಸಾಫ್ಟ್‌ವೇರ್‌ಗೆ ಅದು ಗೊತ್ತಿಲ್ಲ. ಬಿಳಿ ಎಲ್‌ಇಡಿಯಲ್ಲಿ ಇನ್ನೂ ತಮಾಷೆ. ಸಾಮಾನ್ಯ ಬಿಳಿ ಎಲ್‌ಇಡಿಯಲ್ಲಿ ಯುವಿ ಇಲ್ಲವೇ ಇಲ್ಲ ಅನ್ನಬಹುದು, ಆದರೆ 450ರ ಸುತ್ತ ನೀಲಿ ಚೆನ್ನಾಗಿದೆ. ಬ್ರೈಟ್ನರ್ ಹಾಕಿದ ಬಿಳಿ ಅದರಡಿ ಸಪ್ಪೆಯಾಗುತ್ತದೆ, ನಿಯಾನ್ ಹಳದಿ ಮಾತ್ರ ಮಿಂಚುತ್ತಲೇ ಇರುತ್ತದೆ. ಬೇರೆ ಬೆಳಕಿನಲ್ಲಿ ಹೇಗೆ ಕಾಣುತ್ತದೆ ಅಂತ ತಿಳಿಯಬೇಕಾದರೆ ಲೈಟ್ ಬಾಕ್ಸ್‌ನಲ್ಲಿ ಕಣ್ಣಿಂದಲೇ ನೋಡಬೇಕು.

ಪೂರ್ತಿ ಸರಿಯಾದ ಅಳತೆ ಇಲ್ಲವೇ ಇಲ್ಲ ಅಂತಲ್ಲ, ಇದೆ. ಡೊನಾಲ್ಡ್‌ಸನ್ 1954ರಲ್ಲೇ ತೋರಿಸಿದ ದಾರಿ. ಎರಡು ಮೊನೊಕ್ರೊಮೇಟರ್ (ಒಂದೇ ತರಂಗದ ಬೆಳಕನ್ನು ಆರಿಸಿ ಕೊಡುವ ಸಾಧನ) ಬಳಸಿ, ಒಂದೊಂದೇ ತರಂಗದ ಬೆಳಕು ಬೀಳಿಸಿ, ಪ್ರತಿ ಸಲ ಯಾವ್ಯಾವ ತರಂಗದಲ್ಲಿ ಎಷ್ಟು ಬಂತು ಅಂತ ಬರೆದುಕೊಂಡು ದೊಡ್ಡ ಕೋಷ್ಟಕ ಮಾಡುವುದು. ಬಿದ್ದ ತರಂಗದಲ್ಲೇ ತಿರುಗಿ ಬಂದದ್ದು ಕೋಷ್ಟಕದ ಕರ್ಣದಲ್ಲಿ ಕೂರುತ್ತದೆ, ಉಗುಳಿದ್ದು ಅದರ ಪಕ್ಕಕ್ಕೆ. ಆ ಕೋಷ್ಟಕ ಕೈಯಲ್ಲಿದ್ದರೆ ಯಾವ ದೀಪಕ್ಕೆ ಬೇಕಾದರೂ ಬಣ್ಣ ಲೆಕ್ಕ ಹಾಕಬಹುದು. ಆದರೆ ಆ ಉಪಕರಣ ದುಬಾರಿ, ನಿಧಾನ, ಅಳತೆಯ ಮಾನಕ ಕಾಪಾಡುವ ಪ್ರಯೋಗಾಲಯಗಳ ವಸ್ತು. ದಿನಕ್ಕೆ ನೂರಾರು ಸ್ಯಾಂಪಲ್ ಅಳೆಯುವ ಡೈಯಿಂಗ್ ಲ್ಯಾಬ್‌ಗೆ ಹೊಂದುವುದಿಲ್ಲ.

ಹಾಗಾದರೆ ದಿನದ ಕೆಲಸಕ್ಕೆ ಏನು ಮಾಡುವುದು? ನನ್ನ ದಾರಿ ಇದು: ದೂರದಿಂದ ಊಹಿಸಲು ಕಂಪ್ಯೂಟರ್ ಬಳಸಬೇಡಿ, ಹತ್ತಿರ ಬಂದ ಮೇಲೆ ತಿದ್ದಲು ಬಳಸಿ. ಒಂದೇ ಯಂತ್ರ, ಒಂದೇ ದೀಪ, ಒಂದೇ ಡೈಗಳ ಜೋಡಿ, ಸ್ಟ್ಯಾಂಡರ್ಡ್‌ಗೆ ಹತ್ತಿರದ ಶೇಡ್. ಇಷ್ಟಿದ್ದರೆ ಆ ಪುಟ್ಟ ಜಾಗದಲ್ಲಿ ಎಲ್ಲವೂ ಹೆಚ್ಚುಕಡಿಮೆ ನೇರ ಗೆರೆಯಲ್ಲೇ ನಡೆಯುತ್ತದೆ. ಡೆಲ್ಟಾ ಇ ಅಳತೆಯೂ ನಂಬುವಂತಿರುತ್ತದೆ.

ಹತ್ತಿರ ಬರಲು ಒಂದು ನಕ್ಷೆ ಬೇಕು. ಬ್ರೈಟ್ನರ್ ಇಲ್ಲದ, ನೀವು ಬಲ್ಕ್‌ಗೆ, ಅಂದರೆ ಘಟಕದ ದೊಡ್ಡ ಲಾಟ್‌ಗೆ, ಬಳಸುವ ಬಟ್ಟೆಯನ್ನೇ ತೆಗೆದುಕೊಳ್ಳಿ. ಬ್ರೈಟ್ನರ್ ಇದ್ದರೆ ಅದು ಉಗುಳುವ ನೀಲಿಯನ್ನು ಹಳದಿ ಡೈ ಮತ್ತೆ ನುಂಗುತ್ತದೆ, ಎಲ್ಲ ಗೋಜಲಾಗುತ್ತದೆ. ಮೊದಲು ಫ್ಲೋರೊಸೆಂಟ್ ಹಳದಿ ಒಂದನ್ನೇ ಹತ್ತು ಹನ್ನೆರಡು ಪ್ರಮಾಣದಲ್ಲಿ ಡೈ ಮಾಡಿ. ಸಾಮಾನ್ಯ ಡೈಗೆ ಏಳೆಂಟು ಸಾಕಾಗುತ್ತಿತ್ತು, ಇಲ್ಲಿ ಮೇಲಿನ ತುದಿಯಲ್ಲಿ ಹತ್ತಿರ ಹತ್ತಿರದ ಮೆಟ್ಟಿಲು ಬೇಕು, ಗುಡ್ಡದ ತುದಿ ಎಲ್ಲಿದೆ ಅಂತ ಗೊತ್ತಾಗಬೇಕಲ್ಲ. ತುದಿ ಸಿಕ್ಕ ಪ್ರಮಾಣವನ್ನು ಸಾಫ್ಟ್‌ವೇರ್‌ನಲ್ಲಿ ಆ ಡೈನ ಗರಿಷ್ಠ ಮಿತಿಯಾಗಿ ಹಾಕಿಡಿ. ಆಮೇಲೆ ಮಿಶ್ರಣ. ಹಳದಿ ನಾಲ್ಕು ಪ್ರಮಾಣ, ಅದರ ಮೇಲೆ ಟರ್ಕಾಯ್ಸ್ ಐದು ಪ್ರಮಾಣ, ಒಟ್ಟು 20 ಡಿಪ್. ಟರ್ಕಾಯ್ಸ್‌ಗೆ ಡಿಸ್ಪರ್ಸ್ ಬ್ಲೂ 60 ತರಹದ ಸ್ವಚ್ಛವಾದದ್ದೇ ಇರಲಿ. ನೇವಿಗೆ ಹಾಕುವ ಮಂಕು ನೀಲಿ ಇಲ್ಲಿ ಶತ್ರು. ಹೀಗೇ ಹಳದಿ ಮತ್ತು ಫ್ಲೋರೊಸೆಂಟ್ ಕೆಂಪಿಗೆ ಇನ್ನೊಂದು 20. ಒಂದು ವಾರದ ಕೆಲಸ. ಮ್ಯಾನೇಜರ್ ಮುಖ ಸಿಂಡರಿಸುತ್ತಾರೆ, ಪರವಾಗಿಲ್ಲ. ಆ 40 ತುಂಡು ನಿಮ್ಮ ಲ್ಯಾಬ್‌ನ ಆಸ್ತಿ. ಹೊಸ ನಿಯಾನ್ ಸ್ಯಾಂಪಲ್ ಬಂದಾಗ ಸಾಫ್ಟ್‌ವೇರ್‌ಗೆ ರೆಸಿಪಿ ಕೇಳುವ ಬದಲು, ಈ 40ರಲ್ಲಿ ಯಾವುದು ಹತ್ತಿರ ಅಂತ ಹುಡುಕಲು ಹೇಳಿ. ಅಲ್ಲಿಂದ ಶುರು ಮಾಡಿ.

ತಿದ್ದುವುದು ಹೇಗೆ? ಲೆಕ್ಕ ಅರ್ಥವಾಗಲಿ ಅಂತ ನಾನೇ ಕೆಲವು ಅಂಕಿ ಹಿಡಿಯುತ್ತೇನೆ. ಶುರುವಿನ ರೆಸಿಪಿ, ಬಟ್ಟೆಯ ತೂಕದ ಲೆಕ್ಕದಲ್ಲಿ, ಹಳದಿ 1.00 ಶೇಕಡಾ, ಟರ್ಕಾಯ್ಸ್ 0.020 ಶೇಕಡಾ. ಅದರ ಜೊತೆಗೇ ಇನ್ನೆರಡು ಡಿಪ್ ಹಾಕಿ. ಒಂದರಲ್ಲಿ ಹಳದಿ ಮಾತ್ರ 10 ಶೇಕಡಾ ಜಾಸ್ತಿ, ಇನ್ನೊಂದರಲ್ಲಿ ಟರ್ಕಾಯ್ಸ್ ಮಾತ್ರ 10 ಶೇಕಡಾ ಜಾಸ್ತಿ. ಯಂತ್ರ ಬಣ್ಣವನ್ನು ಮೂರು ಅಂಕಿಯಲ್ಲಿ ಹೇಳುತ್ತದೆ: ಎ ಏರಿದರೆ ಕೆಂಪಿನ ಕಡೆ, ಇಳಿದರೆ ಹಸಿರಿನ ಕಡೆ; ಬಿ ಏರಿದರೆ ಹಳದಿ ಕಡೆ, ಇಳಿದರೆ ನೀಲಿ ಕಡೆ; ಎಲ್ ಅಂದರೆ ಎಷ್ಟು ತಿಳಿ ಅನ್ನುವುದು. ಅಳೆದಾಗ ಹಳದಿಯ ಒಂದು ಮೆಟ್ಟಿಲಿಗೆ ಎ 0.3 ಏರಿತು, ಬಿ 0.8 ಏರಿತು, ಎಲ್ 0.2 ಇಳಿಯಿತು ಅಂದುಕೊಳ್ಳಿ. ಟರ್ಕಾಯ್ಸ್‌ನ ಒಂದು ಮೆಟ್ಟಿಲಿಗೆ ಎ 1.5 ಇಳಿಯಿತು, ಬಿ 1.2 ಇಳಿಯಿತು, ಎಲ್ 0.8 ಇಳಿಯಿತು. ಸ್ಟ್ಯಾಂಡರ್ಡ್ ಮುಟ್ಟಲು ನಿಮಗೆ ಎ 1.8 ಇಳಿಯಬೇಕು, ಬಿ 0.7 ಇಳಿಯಬೇಕು. ಎರಡು ಸಮೀಕರಣ, ಎರಡು ಅಜ್ಞಾತ. ಬಿಡಿಸಿದರೆ ಹಳದಿ ಸುಮಾರು 1.3 ಮೆಟ್ಟಿಲು, ಟರ್ಕಾಯ್ಸ್ ಸುಮಾರು 1.5 ಮೆಟ್ಟಿಲು. ಅಂದರೆ ಹಳದಿ 1.13, ಟರ್ಕಾಯ್ಸ್ 0.023. ಮೊದಲ ನೋಟಕ್ಕೆ ಬಿ ಇಳಿಸಬೇಕು ಅಂತ ಹಳದಿ ಕಡಿಮೆ ಮಾಡಲು ಕೈ ಹೋಗುತ್ತಿತ್ತು, ಅಲ್ವಾ? ಲೆಕ್ಕ ಉಲ್ಟಾ ಹೇಳಿತು.

ಇಲ್ಲಿಗೆ ನಿಲ್ಲಿಸಬೇಡಿ, ಎಲ್ ಕೂಡ ನೋಡಿ. ಈ ಬದಲಾವಣೆಯಿಂದ ಎಲ್ ಸುಮಾರು 1.4 ಇಳಿಯುತ್ತದೆ. ಸ್ಟ್ಯಾಂಡರ್ಡ್ ಕೂಡ ಅಷ್ಟೇ ಮಂಕಾಗಿದ್ದರೆ ಸರಿ. ಸ್ಟ್ಯಾಂಡರ್ಡ್ ಅದಕ್ಕಿಂತ ಹೊಳೆಯುತ್ತಿದ್ದರೆ ಈ ಎರಡು ಡೈಗಳಿಂದ ಅದು ಬರುವುದಿಲ್ಲ ಅಂತ ಇಲ್ಲೇ ಗೊತ್ತಾಯಿತು. ಸುಮ್ನೆ ಇನ್ನೈದು ಡಿಪ್ ಹಾಕುವ ಬದಲು ಬೇರೆ ಟರ್ಕಾಯ್ಸ್ ಹುಡುಕಿ. ಒಂದು ಸಲಕ್ಕೆ 10, 15 ಶೇಕಡಾಕ್ಕಿಂತ ದೂರ ಜಿಗಿಯಬೇಡಿ. ನೇರ ಗೆರೆ ಅಷ್ಟು ದೂರಕ್ಕೇ.

ಇಷ್ಟು ಲೆಕ್ಕ ಮಾಡಿಯೂ ಪಿಪೆಟ್‌ನಲ್ಲಿ ಕಳೆದುಕೊಳ್ಳುವವರಿದ್ದಾರೆ. 5 ಗ್ರಾಂ ಸ್ಯಾಂಪಲ್‌ಗೆ 0.020 ಶೇಕಡಾ ಅಂದರೆ 1 ಮಿಲಿಗ್ರಾಂ ಡೈ. ಲೀಟರಿಗೆ 1 ಗ್ರಾಂ ದ್ರಾವಣದಲ್ಲಿ ಅದು 1 ಮಿಲಿಲೀಟರ್. ನಾವು ಮಾಡಿದ 10 ಶೇಕಡಾ ಬದಲಾವಣೆ ಅಂದರೆ 0.1 ಮಿಲಿಲೀಟರ್, ಬರೀ ಎರಡು ಹನಿ. ಪಿಪೆಟ್ ತುದಿಯಲ್ಲಿ ಅಂಟಿಕೊಂಡದ್ದೇ ಅಷ್ಟಿರುತ್ತದೆ. ಟರ್ಕಾಯ್ಸ್‌ಗೆ ಹತ್ತು ಪಟ್ಟು ತೆಳು ದ್ರಾವಣ ಮಾಡಿಕೊಂಡು 10 ಮಿಲಿಲೀಟರ್ ಹಾಕಿ. ಡಿಸ್ಪರ್ಸ್ ಡೈ ಕೆಳಗೆ ಕೂರುತ್ತದೆ, ಪ್ರತಿ ಸಲ ಕಲಕಿಯೇ ತೆಗೆಯಿರಿ. ಬಲ್ಕ್‌ನಲ್ಲಿ ಇದೇ ಕಥೆ ಬೇರೆ ರೂಪದಲ್ಲಿ ಬರುತ್ತದೆ. ಹಿಂದಿನ ಲಾಟ್ ನೇವಿ ಅಥವಾ ಕಪ್ಪು ಆಗಿದ್ದು ಯಂತ್ರ ಸರಿಯಾಗಿ ತೊಳೆಯದಿದ್ದರೆ, ಉಳಿದ ಆ ಚೂರು ಡೈ ಸಾಮಾನ್ಯ ಹಳದಿಯಲ್ಲಿ ಕಣ್ಣಿಗೂ ಬೀಳದೇ ಇರಬಹುದು, ನಿಯಾನ್‌ನಲ್ಲಿ ಶೇಡ್ ಕೊಲ್ಲುತ್ತದೆ.

ಅಳೆಯುವ ಮೊದಲು ಬಟ್ಟೆ ಪೂರ್ತಿ ಮುಗಿದಿರಬೇಕು. ಅಂದರೆ 130 ಡಿಗ್ರಿಯಲ್ಲಿ ಡೈ ಆಗಿ, ರಿಡಕ್ಷನ್ ಕ್ಲಿಯರಿಂಗ್ (ಮೇಲ್ಮೈಗೆ ಅಂಟಿದ ಡೈ ತೊಳೆದು ತೆಗೆಯುವುದು) ಆಗಿ, ಬಟ್ಟೆಯನ್ನು ಎಳೆದು ಹಿಡಿದು ಬಿಸಿಮಾಡುವ ಸ್ಟೆಂಟರ್ ಯಂತ್ರದ ಶಾಖವೂ ಆಗಿರಬೇಕು. ಮೇಲ್ಮೈಯಲ್ಲಿ ಅಂಟಿದ ಡೈ ಹೊಳೆಯುವುದಿಲ್ಲ, ಒಳಗಿನದರ ಬೆಳಕನ್ನು ಮಾತ್ರ ನುಂಗುತ್ತದೆ. ಸ್ಟೆಂಟರ್‌ನಲ್ಲಿ ಒಳಗಿನ ಡೈ ಸ್ವಲ್ಪ ಮೇಲ್ಮೈಗೆ ಬರುವುದೂ ಉಂಟು. ಇಸ್ತ್ರಿ ಮಾಡಿದ ತಕ್ಷಣ ಅಳೆಯಬೇಡಿ, ಬಿಸಿಯಲ್ಲಿ ಹೊಳಪು ಇಳಿದಿರುತ್ತದೆ. ತಣ್ಣಗಾಗಲಿ. ನಾಲ್ಕು ಮಡಿಕೆ, ತಿರುಗಿಸಿ ನಾಲ್ಕು ಓದು, ಇದು ನಿಮಗೆ ಗೊತ್ತಿರುವುದೇ.

ಸಾಫ್ಟ್‌ವೇರ್ ಕೊಳ್ಳಬೇಕಾ ಅಂದಿರಿ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಫ್ಲೋರೊಸೆಂಟ್ ಡೈಗೆ ಬೇರೆ ಆಯ್ಕೆ ಇರುತ್ತದೆ. ಹೊಳಪಿನ ತುದಿಯನ್ನು ಅಳತೆ ಇಳಿಸಿಕೊಂಡು ಲೆಕ್ಕ ಮಾಡುವುದು, ಉಗುಳುವ ಭಾಗವನ್ನು ಬಿಟ್ಟು ನುಂಗುವ ಭಾಗದಲ್ಲಿ ಮಾತ್ರ ಮ್ಯಾಚ್ ಮಾಡುವುದು, ಹಳೆಯ ಡಿಪ್‌ಗಳಿಂದ ಕಲಿತು ತಿದ್ದುವುದು, ಹೀಗೆ. ಮೂರನೆಯದು ನಿಜಕ್ಕೂ ಉಪಯೋಗ. ಆದರೆ ಅದಕ್ಕೂ ತಿನ್ನಿಸಲು ಬೇಕಾದದ್ದು ನಿಮ್ಮ ಆ 40 ತುಂಡುಗಳೇ. ಮೊದಲು ಅವನ್ನು ಮಾಡಿ, ಈಗಿರುವ ಸಾಫ್ಟ್‌ವೇರ್‌ನಲ್ಲೇ ಎರಡು ತಿಂಗಳು ನೋಡಿ. ನಿಯಾನ್ ನಿಮ್ಮ ಕೆಲಸದ ದೊಡ್ಡ ಪಾಲಾಗಿದ್ದರೆ ಹಣವನ್ನು ಬೇರೆ ಕಡೆ ಹಾಕಿ ಅನ್ನುತ್ತೇನೆ: 45/0 ಜ್ಯಾಮಿತಿಯ ಉಪಕರಣ, ಅಂದರೆ 45 ಡಿಗ್ರಿಯಿಂದ ಬೆಳಕು ಬೀಳಿಸಿ ನೇರ ಮೇಲಿನಿಂದ ನೋಡುವಂಥದ್ದು. ಗೋಳ ಇರುವ ಯಂತ್ರದಲ್ಲಿ ಸ್ಯಾಂಪಲ್ ಉಗುಳಿದ ಬೆಳಕು ಗೋಳದೊಳಗೇ ಸುತ್ತಿ ಮತ್ತೆ ಸ್ಯಾಂಪಲ್ ಮೇಲೆ ಬೀಳುತ್ತದೆ, ಬೀಳುವ ಬೆಳಕಿನ ಬಣ್ಣವೇ ಬದಲಾಗುತ್ತದೆ. 45/0ರಲ್ಲಿ ಆ ತಲೆನೋವಿಲ್ಲ. ಹಳೆಯ ಉಪಕರಣ ಕೊಳ್ಳುವುದಾದರೆ ಒಂದು ಎಚ್ಚರ. ಸ್ಯಾಂಪಲ್ ಮೇಲೆ ಒಂದೊಂದೇ ತರಂಗದ ಬೆಳಕು ಬೀಳಿಸಿ, ತಿರುಗಿ ಬಂದದ್ದನ್ನು ಬಣ್ಣ ವಿಂಗಡಿಸದೆ ಅಳೆಯುವ ಹಳೆಯ ಮಾದರಿಗಳಿದ್ದವು. 450 ಬೀಳಿಸಿದಾಗ ಬಂದ ಹಸಿರು ಬೆಳಕನ್ನು ಅವು 450ರ ಲೆಕ್ಕಕ್ಕೇ ಬರೆದುಕೊಳ್ಳುತ್ತವೆ. ಹಳದಿ ಬಟ್ಟೆ ನೀಲಿಯನ್ನು ಪ್ರತಿಫಲಿಸುತ್ತಿದೆ ಅಂತ ಗ್ರಾಫ್ ಹೇಳುತ್ತದೆ. ಅಂಥದ್ದನ್ನು ಈ ಕೆಲಸಕ್ಕೆ ಮುಟ್ಟಬೇಡಿ.

ಸುರಕ್ಷತಾ ಜಾಕೆಟ್ ಬಟ್ಟೆಗೆ ಡೆಲ್ಟಾ ಇ ಪಾಸ್ ಸಾಲದು. ಎದ್ದು ಕಾಣುವ ಸುರಕ್ಷತಾ ಉಡುಪಿನ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 20471 ಡೆಲ್ಟಾ ಇ ಕೇಳುವುದೇ ಇಲ್ಲ. ಡಿ65 ಬೆಳಕು, 45/0 ಜ್ಯಾಮಿತಿ, 2 ಡಿಗ್ರಿ ವೀಕ್ಷಕ (ಕಣ್ಣು ನೋಡುವ ಕೋನದ ಸೆಟ್ಟಿಂಗ್), ಬಟ್ಟೆಯ ಹಿಂದೆ ಕಪ್ಪು. ಹೀಗೆ ಅಳೆದಾಗ ಬಣ್ಣ ಒಂದು ಚೌಕಟ್ಟಿನೊಳಗೆ ಬೀಳಬೇಕು, ಜೊತೆಗೆ ಲ್ಯೂಮಿನೆನ್ಸ್ ಫ್ಯಾಕ್ಟರ್ (ಬಿಳಿಗೆ ಹೋಲಿಸಿದರೆ ಎಷ್ಟು ಪ್ರಕಾಶ ಅನ್ನುವ ಅಂಕಿ) ಹಳದಿಗೆ ಕನಿಷ್ಠ 0.70, ಕಿತ್ತಳೆ ಕೆಂಪಿಗೆ 0.40, ಕೆಂಪಿಗೆ 0.25 ಇರಬೇಕು. ನೀವು ಬಹುಶಃ 10 ಡಿಗ್ರಿ ವೀಕ್ಷಕ, ಗೋಳ, ನಾಲ್ಕು ಮಡಿಕೆ ಇಟ್ಟು ಅಳೆಯುತ್ತಿದ್ದೀರಿ. ಆ ಅಂಕಿ ಇಲ್ಲಿಗೆ ನಡೆಯುವುದಿಲ್ಲ. ತೆಳು ನಿಟ್ ಬಟ್ಟೆ ಕಪ್ಪಿನ ಮೇಲೆ ಇಟ್ಟಾಗ 0.70ರ ಕೆಳಗೆ ಜಾರುವುದು ಮಾಮೂಲಿ. ಆಗ ತಿದ್ದಬೇಕಾದದ್ದು ಬಟ್ಟೆಯ ದಪ್ಪ, ರೆಸಿಪಿ ಅಲ್ಲ. ಜೆನಾನ್ ದೀಪದ ಬೆಳಕಿಗೆ ಒಡ್ಡಿದ ಪರೀಕ್ಷೆಯ ನಂತರವೂ ಬಣ್ಣ ಆ ಚೌಕಟ್ಟಿನೊಳಗೇ ಉಳಿಯಬೇಕು ಅನ್ನುವುದನ್ನೂ ನೆನಪಿಡಿ, ಫ್ಲೋರೊಸೆಂಟ್ ಡೈಗಳ ಲೈಟ್ ಫಾಸ್ಟ್‌ನೆಸ್ (ಬೆಳಕಿಗೆ ಮಾಸದಿರುವ ಗುಣ) ಅಷ್ಟಕ್ಕಷ್ಟೇ.

ಅದೇ ಕಾರಣಕ್ಕೆ ನಿಮ್ಮ ಸ್ಟ್ಯಾಂಡರ್ಡ್ ತುಂಡುಗಳೂ ಬೆಳಕಿನಲ್ಲಿ ಸಾಯುತ್ತವೆ. ಕಿಟಕಿ ಪಕ್ಕದ ಬೋರ್ಡಿಗೆ ಪಿನ್ ಮಾಡಿಟ್ಟ ನಿಯಾನ್ ಸ್ಟ್ಯಾಂಡರ್ಡ್ ತಿಂಗಳ ನಂತರ ಬೇರೆಯೇ ಶೇಡ್ ಆಗಿರುತ್ತದೆ, ಅದನ್ನು ನೋಡಿ ತಿದ್ದಿದ ಬ್ಯಾಚೂ ಹಾಗೇ. ಒಂದನ್ನು ಮೂರು ತುಂಡು ಮಾಡಿ ಕಪ್ಪು ಕಾಗದದ ಲಕೋಟೆಯಲ್ಲಿಡಿ. ಮೊದಲನೆಯದು ದಿನನಿತ್ಯದ ಬಳಕೆಗೆ, ಎರಡನೆಯದು ತಿಂಗಳಿಗೊಮ್ಮೆ ಮೊದಲನೆಯದನ್ನು ಹೋಲಿಸಿ ನೋಡಲು. ಮೂರನೆಯದನ್ನು ಗ್ರಾಹಕರ ಜೊತೆ ತಕರಾರು ಬಂದ ದಿನ ಮಾತ್ರ ತೆಗೆಯಿರಿ.